ಅಂಚಿನಿಂದ ಅಂಚಿಗೆ

ಈ ಭಾನುವಾರವೂ ಸ್ವೀಡಲ್ ಕುಮ್ಗಾರ್‌ಗೆ ಏಳಲಿಲ್ಲ.

ಪಾದ್ರಿಯವರ ಕೈಯಿಂದ ಪವಿತ್ರ ರೊಟ್ಟಿ ತೆಗೆದುಕೊಳ್ಳಲು ಇಡೀ ಚರ್ಚು ಸಾಲುಗಟ್ಟಿ ಹೋಗುತ್ತಿದ್ದಾಗ ಅವಳು ಮೊಣಕಾಲು ಸರಿಸಿ ಉಳಿದವರಿಗೆ ದಾರಿ ಬಿಟ್ಟಳು. ಮತ್ತೆ ತಲೆ ತಗ್ಗಿಸಿ ಕುಳಿತಳು. ದೊಡ್ಡ ಪಾಪ ಮನಸ್ಸಿನಲ್ಲಿ ಇಟ್ಟುಕೊಂಡವರು ಅದನ್ನು ಪಾದ್ರಿಯವರ ಬಳಿ ಒಪ್ಪಿಕೊಂಡು ಕುಮ್ಸಾರ್ ಮಾಡುವ ತನಕ ಕುಮ್ಗಾರ್ ತೆಗೆದುಕೊಳ್ಳುವಂತಿಲ್ಲ. ಇದು ಅಲ್ಲಿದ್ದ ಚಿಕ್ಕ ಮಕ್ಕಳಿಗೂ ಗೊತ್ತು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮದುವೆಯಾಗದ ಹುಡುಗಿಯೊಬ್ಬಳು ವಾರ ವಾರವೂ ಹೀಗೆ ಬೆಂಚಿನಲ್ಲೇ ಉಳಿದರೆ ನೋಡಿದವರು ಏನು ಲೆಕ್ಕ ಹಾಕುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವಳ ತಾಯಿ ಪೆಟ್ರೋನಿಲ್ಲಾ ಕೈ ಮುಗಿದು, ಕಣ್ಣು ತಗ್ಗಿಸಿಕೊಂಡೇ ಪೀಠದ ಕಡೆಯಿಂದ ಹಿಂದಿರುಗಿದರು. ಆ ತಗ್ಗಿಸಿದ ಕಣ್ಣಿನಲ್ಲೇ ಮಗಳನ್ನು ಪೂರ್ತಿ ನೋಡಿಕೊಂಡರು.

ಮುಳ್ಳೇರಿಯದವರೆಗೆ ಆಟೋದಲ್ಲಿ ತಾಯಿ ಮಾತಾಡಲಿಲ್ಲ. ಮನೆಗೆ ಬಂದು, ಒಳ್ಳೆಯ ಸೀರೆ ಬಿಚ್ಚಿ ಮಡಚಿಟ್ಟು, ಬಂಗುಡೆ ಕೊಯ್ಯಲು ಕುಳಿತ ಮೇಲೆ ಬಾಯಿ ತೆರೆದರು.

“ಆ ಹುಡುಗನ ಒಟ್ಟಿಗೆ ಎಂತ ಆಯ್ತು?”

“ಯಾವ ಹುಡುಗ?”

“ನನ್ನ ಹತ್ತಿರ ಆಟ ಬೇಡ ಬಾಯೆ. ಯತಿನ್. ದಿನಾ ಸಂಜೆ ಆ ಹೆಸರು ಕೇಳಿ ಕೇಳಿ ನನಗೆ ಅವನ ಗಂಬೂಟಿನ ಸೈಜೂ ಗೊತ್ತಾಗಿದೆ.”

“ಎಂತದೂ ಆಗಿಲ್ಲ ಮಮ್ಮಿ. ಅವನು ನನ್ನ ಕೈ ಕೂಡ ಹಿಡಿದಿಲ್ಲ.”

ಹಾಗೆನ್ನುವಾಗ ತನ್ನ ದನಿಯಲ್ಲಿ ಸ್ವಲ್ಪ ಬೇಸರವೂ ಸೇರಿಕೊಂಡದ್ದು ಅವಳಿಗೇ ಕೇಳಿಸಿತು. ತಾಯಿಗೂ ಕೇಳಿಸಿತು.

“ಕೈ ಹಿಡಿಯದೆ ಕುಮ್ಗಾರ್ ಬಿಡುವಂಥ ಪಾಪ ಎಂತದು ಮತ್ತೆ?”

“ಸ್ಯಾಂಪಲ್,” ಎಂದಳು ಸ್ವೀಡಲ್.

ಪೆಟ್ರೋನಿಲ್ಲಾ ಕತ್ತಿ ಹಿಡಿದ ಕೈ ನಿಲ್ಲಿಸಿದರು. “ಸ್ಯಾಂಪಲಾ? ಅದೆಂತ ಪಾಪ?”

ಆ ಪಾಪ ಅರ್ಥವಾಗಬೇಕಾದರೆ ಕೆಂಪುಗುಡ್ಡೆಯ ಬಗ್ಗೆ ಹೇಳಬೇಕು.

ದೇಲಂಪಾಡಿ ಕಡೆಯ ಕಾಡಿನ ಅಂಚಿನಲ್ಲಿ ಹಿಂದೆ ಒಂದು ಸಣ್ಣ ಕಬ್ಬಿಣದ ಗಣಿ ಇತ್ತು. ಗಣಿಯವರು ಅದಿರು ತೊಳೆದರು, ಒಳ್ಳೆಯದನ್ನು ಲಾರಿಗೆ ತುಂಬಿಸಿದರು, ತೊಳೆದು ಉಳಿದ ಮಣ್ಣನ್ನು ಬದಿಗೆ ಸುರಿದರು, ಒಂದು ದಿನ ಎದ್ದು ಹೋದರು. ಸುರಿದ ಮಣ್ಣು ಗುಡ್ಡವಾಗಿ ಉಳಿಯಿತು. ಊರವರು ಅದನ್ನು ಕೆಂಪುಗುಡ್ಡೆ ಎನ್ನುತ್ತಾರೆ. ಮಳೆಗಾಲ ಬಂತೆಂದರೆ ಅದರ ಒಂದು ಪಾಲು ಕರಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ. ಆ ಗದ್ದೆ ಯತಿನ್‌ನ ತಾಯಿ ಪಂಕಜಾಕ್ಷಿಯವರದ್ದು. ಅವರು ಅಲ್ಲಿ ಭತ್ತ ಹಾಕುವುದನ್ನು ಬಿಟ್ಟು ವರ್ಷಗಳಾಗಿವೆ.

ಗಣಿಯವರು ಬಿಸಾಡಿದ ಆ ಮಣ್ಣಿನಲ್ಲಿ ಇನ್ನೂ ನಯವಾದ ಅದಿರು ಉಂಟು, ಅದನ್ನು ಬೇರ್ಪಡಿಸಬಹುದೇ ನೋಡೋಣ ಎಂದು ಮಂಗಳೂರಿನ ಒಂದು ಕಂಪೆನಿ ಗುಡ್ಡೆಯ ಬುಡದಲ್ಲಿ ಶೆಡ್ ಹಾಕಿತು. ಮ್ಯಾನೇಜರ್ ಹರಿನಾಥ ಸರ್. ಮೆಷಿನ್ ನಡೆಸುವ ಎಂಜಿನಿಯರ್ ಯತಿನ್. ಬಂದ ಅದಿರಿನಲ್ಲಿ ಕಬ್ಬಿಣ ಎಷ್ಟು ಎಂದು ಪರೀಕ್ಷಿಸಿ ಹೇಳುವ ಕೆಮಿಸ್ಟ್ ಸ್ವೀಡಲ್.

ಅವಳು ಕೆಲಸಕ್ಕೆ ಸೇರಿದ ದಿನ ಯತಿನ್ ಅವಳನ್ನು ಪಂಚಾಯತಿನಿಂದ ತಪಾಸಣೆಗೆ ಬಂದ ಮೇಡಂ ಎಂದು ತಿಳಿದುಕೊಂಡಿದ್ದ. ಇಸ್ತ್ರಿ ಹಾಕಿದ ಬಿಳಿ ಚೂಡಿದಾರ್, ಕೈಯಲ್ಲಿ ಫೈಲು, ಮುಖದಲ್ಲಿ ಗಾಂಭೀರ್ಯ. ಅವನ ತಪ್ಪಲ್ಲ.

“ಮೇಡಂ, ನಾವು ಪಕ್ಕದಲ್ಲಿ ಹರಿಯುವ ತೋಡಿನ ನೀರು ಮುಟ್ಟುವುದೇ ಇಲ್ಲ. ಬನ್ನಿ, ನೋಡಿ. ಇದು ನಮ್ಮದೇ ಕೊಳ. ಇದೇ ನೀರನ್ನು ತಿರುಗಿ ತಿರುಗಿ ಉಪಯೋಗಿಸುದು. ಬಿಸಿಲು ಜೋರುಂಟು, ಒಂದು ಬೊಂಡ ಕುಡೀತೀರಾ?”

ಅವಳು ಕೊಳ ನೋಡಿದಳು, ಪಂಪು ನೋಡಿದಳು, ಎಳನೀರನ್ನು ಕೊನೆಯ ಹನಿಯವರೆಗೆ ಕುಡಿದಳು. ಬುರುಡೆ ಕೆಳಗಿಟ್ಟು ಕೇಳಿದಳು, “ಲ್ಯಾಬ್ ಎಲ್ಲಿ? ನಾನು ಹೊಸ ಕೆಮಿಸ್ಟ್.”

ಯತಿನ್‌ನ ಮುಖ ನೋಡುವಂತಿತ್ತು. “ಬೊಂಡ ಮುಗಿಸಿ ಹೇಳುದಾ ಅದನ್ನು?”

“ಮೊದಲೇ ಹೇಳಿದ್ರೆ ಕೊಡ್ತಿದ್ರಾ?”

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಸಣ್ಣಗಾಗುತ್ತದೆ ಎಂಬುದನ್ನು ಸ್ವೀಡಲ್ ಆ ದಿನವೇ ಗಮನಿಸಿದಳು. ಕೆಮಿಸ್ಟ್ ಅಲ್ಲವೇ, ಬೇಡದ್ದೂ ಕಣ್ಣಿಗೆ ಬೀಳುತ್ತದೆ.

ಮೆಷಿನ್ ಎಂದರೆ ದೊಡ್ಡದೇನಲ್ಲ. ಪಾರ್ಕಿನಲ್ಲಿ ಮಕ್ಕಳು ಸುತ್ತಿ ಸುತ್ತಿ ಜಾರುವ ಜಾರುಬಂಡಿ ಇರುತ್ತದಲ್ಲ, ಕಂಬಕ್ಕೆ ಸುತ್ತಿಕೊಂಡು ಇಳಿಯುವ ಅಂಥದೇ ಫೈಬರ್ ದೋಣಿಗಳು. ಅವಕ್ಕೆ ಸ್ಪೈರಲ್ ಎನ್ನುತ್ತಾರೆ. ಮೇಲಿನಿಂದ ಮಣ್ಣು ಕಲಸಿದ ನೀರು ಬಿಟ್ಟರೆ ಅದು ಸುತ್ತುತ್ತಾ ಇಳಿಯುತ್ತದೆ. ಕಬ್ಬಿಣದ ಕಣ ಭಾರವಾದ್ದರಿಂದ ಕಂಬದ ಪಕ್ಕಕ್ಕೇ ಅಂಟಿಕೊಂಡು ನಿಧಾನವಾಗಿ ಬರುತ್ತದೆ. ಮರಳು ಹಗುರ, ಅದನ್ನು ನೀರು ಹೊರಗಿನ ಅಂಚಿಗೆ ಒಯ್ಯುತ್ತದೆ. ಕೆಳಗೆ ಮುಟ್ಟುವಾಗ ಒಳಗೆ ಕರಿಯ ಪಟ್ಟಿ, ಹೊರಗೆ ಕೆಂಪು. ನಡುವೆ ನಿಂತ ಒಂದು ತೆಳ್ಳನೆಯ ತಗಡು ಎರಡನ್ನೂ ಬೇರೆ ಮಾಡುತ್ತದೆ.

“ಮದ್ದು ಇಲ್ಲ, ಬೆಂಕಿ ಇಲ್ಲ,” ಎಂದು ಯತಿನ್ ವಿವರಿಸಿದ್ದ. “ತೂಕ ಇದ್ದದ್ದು ಉಳೀತದೆ, ಇಲ್ಲದ್ದು ಹೋಗ್ತದೆ.”

“ಹಾಗಾದ್ರೆ ನಿಮ್ಮನ್ನು ಇದರಲ್ಲಿ ಬಿಟ್ರೆ ಹೊರಗಿನ ಅಂಚಿಗೇ ಸೈ.”

“ನನ್ನ ತೂಕ ಈಗಲೇ ನೋಡಿ ಆಯ್ತಾ ಮೇಡಂ?”

ಸ್ವೀಡಲ್ ಕರಿಯ ಪಟ್ಟಿಯನ್ನೇ ನೋಡಿದಳು. ಕಿವಿ ಮಾತ್ರ ಬಿಸಿಯಾಯಿತು. ಅವನು ಅದನ್ನು ನೋಡದವನಂತೆ ವಾಲ್ವ್ ತಿರುಗಿಸಲು ಹೋದ, ತಿರುಗಿಸಬೇಕಾದ ವಾಲ್ವ್ ಅದಾಗಿರಲಿಲ್ಲ.

ಅವಳ ಕೆಲಸ ಶುರುವಾಗುವುದು ಕರಿ ಬೀಳುವ ಜಾಗದಲ್ಲಿ. ಉದ್ದ ಹಿಡಿಯ, ಸಪೂರ ಬಾಯಿಯ ಒಂದು ಡಬ್ಬಿಯನ್ನು ಬೀಳುವ ಧಾರೆಯ ಈ ಅಂಚಿನಿಂದ ಆ ಅಂಚಿಗೆ ಒಂದೇ ವೇಗದಲ್ಲಿ ದಾಟಿಸಬೇಕು. ನಡುವೆ ಎಲ್ಲೂ ನಿಲ್ಲಿಸಬಾರದು. ಧಾರೆಯ ಒಳ ಅಂಚಿನಲ್ಲಿ ಒಳ್ಳೆಯ ಅದಿರು ಇರುತ್ತದೆ, ಹೊರ ಅಂಚಿಗೆ ಹೋದಂತೆ ಮರಳು ಬೆರೆತಿರುತ್ತದೆ. ಎರಡೂ ಸಮನಾಗಿ ಡಬ್ಬಿಗೆ ಬಿದ್ದರೆ ಮಾತ್ರ ಅದು ಸ್ಯಾಂಪಲ್. ಇದು ಕಾಲೇಜಿನಲ್ಲಿ ಮೊದಲ ವಾರದಲ್ಲೇ ಕಲಿಸುವ ಸಂಗತಿ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹರಿನಾಥ ಸರ್ ಇಬ್ಬರನ್ನೂ ಕರೆದರು. “ಕಬ್ಬಿಣದ ನಂಬರ್ ಮೇಲೇರುವುದಿಲ್ಲವಲ್ಲ ಮಾರಾಯ. ಹೀಗೇ ಆದ್ರೆ ಒಂದೋ ಬಾಗಿಲು ಹಾಕಬೇಕು, ಅಲ್ಲದಿದ್ರೆ ನಾನು ಹೆಡ್ ಆಫೀಸಿನವರ ಕಾಲು ಹಿಡಿದು ಬೇರೆ ಮೆಷಿನ್ ತರಿಸಬೇಕು. ಯತಿನ್, ಮಸ್ಕತ್ತಿನವರು ಕರೆದದ್ದನ್ನು ಬಿಡಬೇಡ ನೀನು.”

ಮಸ್ಕತ್ತಿನ ವಿಷಯ ಸ್ವೀಡಲ್‌ಗೆ ಗೊತ್ತಿರಲಿಲ್ಲ. ಮ್ಯಾನೇಜರರ ಮಾತಿನಲ್ಲಿ ಬಾಗಿಲು ಹಾಕುವುದು, ಮಸ್ಕತ್ತು, ಇವೆರಡೇ ಅವಳ ಕಿವಿಗೆ ಬಿದ್ದವು. ನಡುವೆ ಹೇಳಿದ್ದು ಬೀಳಲಿಲ್ಲ.

ಹೊರಗೆ ಬಂದು ಯತಿನ್ ಹೇಳಿದ, “ಅಲ್ಲಿ ಒಂದು ಪ್ಲಾಂಟಿಗೆ ಕೇಳಿದ್ದಾರೆ. ಇದು ನಡೆದ್ರೆ ಯಾರಿಗೆ ಬೇಕು ಮಸ್ಕತ್ತು?” ಹೇಳಿ ಅವಳನ್ನು ನೋಡಿದ. ಎಂದಿನ ತುಂಟ ನೋಟವಾಗಿರಲಿಲ್ಲ. ಏನೋ ಕೇಳಲು ಬಂದು ಬಾಗಿಲಲ್ಲೇ ನಿಂತವನ ನೋಟವಾಗಿತ್ತು. ಮೊದಲು ಕಣ್ಣು ತಗ್ಗಿಸಿದ್ದು ಸ್ವೀಡಲ್.

ಆ ಮಧ್ಯಾಹ್ನ ಅವಳ ಕೈ ಒಳ ಅಂಚಿನಲ್ಲೇ ನಿಂತಿತು. ಕೈ ತಾನಾಗಿ ನಿಂತಿತು ಎಂದು ಅವಳು ಬಹಳ ದಿನ ತನಗೆ ತಾನೇ ಹೇಳಿಕೊಂಡಳು. ಕೈ ತಾನಾಗಿ ನಿಲ್ಲುವುದಿಲ್ಲ. ಧಾರೆಯ ಅತಿ ಕರಿಯ ಜಾಗ ನೋಡಿ, ಡಬ್ಬಿಯನ್ನು ಅಲ್ಲಿಗೇ ಹಿಡಿದು, ತುಂಬುವ ತನಕ ಕಾದು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ತೆಗೆದಳು.

ನಂಬರ್ ಕೇಳಿ ಯತಿನ್ ಲ್ಯಾಬಿಗೆ ಓಡಿ ಬಂದ. ಸಂತೋಷದಲ್ಲಿ ಏನು ಮಾಡಬೇಕೆಂದು ತಿಳಿಯದೆ ಅವಳ ವಾಶ್‌ಬಾಟಲಿ ಎತ್ತಿ ತನ್ನ ತಲೆಗೇ ನೀರು ಹಾರಿಸಿಕೊಂಡ.

“ನೀನು ಲಕ್ಷ್ಮಿ ಮಾರಾಯ್ತಿ! ಅಲ್ಲ... ನಿಮ್ಮಲ್ಲಿ ಎಂತ ಹೇಳ್ತಾರೆ?”

“ಸ್ವೀಡಲ್ ಅಂತಲೇ ಹೇಳ್ತಾರೆ.”

ಅಲ್ಲಿಯವರೆಗೆ ನೀವು, ಮೇಡಂ ಎನ್ನುತ್ತಿದ್ದವನು ಆ ದಿನದಿಂದ ನೀನು ಎಂದ. ಅದು ಕೇಳಲು ಎಷ್ಟು ಹಿತವಾಗಿತ್ತೋ ಅಷ್ಟೇ ಚುಚ್ಚಿತು. ನಾಳೆ ಸರಿಯಾಗಿ ಹಿಡಿಯುತ್ತೇನೆ ಎಂದುಕೊಂಡೇ ಮಲಗಿದಳು. ನಾಳೆ ಸರಿಯಾಗಿ ಹಿಡಿದರೆ ನಂಬರ್ ಧೊಪ್ಪನೆ ಬೀಳುತ್ತದೆ, ಯಾಕೆ ಬಿತ್ತು ಎಂದು ಕೇಳುತ್ತಾರೆ. ಹಾಗಾಗಿ ನಾಳೆಯೂ ಒಳ ಅಂಚು. ಒಳಗೆ ಹೋದ ಕಬ್ಬಿಣಕ್ಕೂ ಹೊರಗೆ ಬಂದದ್ದಕ್ಕೂ ಒಟ್ಟು ಲೆಕ್ಕ ತಾಳೆಯಾಗಬೇಕಲ್ಲ, ಆದ್ದರಿಂದ ಬಿಸಾಡುವ ಕೆಂಪು ನೀರಿನ ಸ್ಯಾಂಪಲನ್ನು ಕಬ್ಬಿಣ ಕಡಿಮೆಯಿರುವ ಹೊರ ಅಂಚಿನಿಂದಲೇ ಹಿಡಿದಳು.

ಹೊರಗಿನಿಂದ ನೋಡಿದರೆ ಅವು ಚಂದದ ದಿನಗಳು. ಸ್ಯಾಂಪಲ್ ಒಣಗುವ ತನಕ ಇಬ್ಬರೂ ಶೆಡ್ಡಿನ ಹಿಂದೆ ಗೇರುಮರದ ನೆರಳಿನಲ್ಲಿ ಚಾ ಕುಡಿಯುತ್ತಿದ್ದರು. ಅವನು ಅವಳಿಗೆ ತುಳು ಕಲಿಸುತ್ತಿದ್ದ, ಅವಳು ಕೊಂಕಣಿ ಕಲಿಸುತ್ತಿದ್ದಳು. ಅವನು ಬೇಕೆಂದೇ ತಪ್ಪು ಹೇಳುತ್ತಿದ್ದ, ಅವಳು ತಿದ್ದುವಾಗ ಅವಳ ತುಟಿ ನೋಡಬಹುದೆಂದು. “ಇನ್ನೊಮ್ಮೆ ಹೇಳು, ಅರ್ಥ ಆಗ್ಲಿಲ್ಲ,” ಎನ್ನುತ್ತಿದ್ದ. “ಕಿವಿಯಲ್ಲಿ ಕೇಳುದು, ಕಣ್ಣಲ್ಲಲ್ಲ,” ಎಂದು ಅವಳು ಗದರುತ್ತಿದ್ದಳು. ಇನ್ನೊಮ್ಮೆ ಹೇಳಿಯೂ ಬಿಡುತ್ತಿದ್ದಳು.

ನಗು ಮುಗಿದ ಕೂಡಲೇ ಅವಳು ಲೋಟ ಕೆಳಗಿಡುತ್ತಿದ್ದಳು. ಈ ಚಾ, ಈ ನೆರಳು, ಈ ಹುಡುಗ, ಯಾವುದೂ ತನ್ನ ಹಕ್ಕಿನದ್ದಲ್ಲ ಎನಿಸುತ್ತಿತ್ತು.

ಒಂದು ದಿನ ಪಂಕಜಾಕ್ಷಿಯವರು ತೇಗದ ಎಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಗಟ್ಟಿ ಹಿಡಿದುಕೊಂಡು ಶೆಡ್ಡಿಗೇ ಬಂದರು. ಸ್ವೀಡಲ್‌ಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನೀನು ಬಂದ ಮೇಲೆಯೇ ಒಳ್ಳೆದಾದದ್ದು ಅಂತ ಯತಿನ್ ಹೇಳಿದ. ಕೈಗುಣ ಮಗಾ ನಿಂದು. ಗುಡ್ಡೆ ಹೋಗ್ತದಲ್ಲ, ಈ ಸಲ ಗದ್ದೆಗೆ ಬೀಜ ಹಾಕ್ತೇನೆ.”

ಅದೇ ಕೈ. ಸ್ವೀಡಲ್ ಗಟ್ಟಿಯನ್ನು ಎಲೆ ಬಿಚ್ಚದೆ ಬದಿಗಿಟ್ಟಳು. ಆ ವಾರದಿಂದಲೇ ಅವಳು ಕುಮ್ಗಾರ್ ಬಿಟ್ಟದ್ದು.

ಈ ಭಾನುವಾರದ ಹಿಂದಿನ ದಿನ, ಶನಿವಾರ, ಯತಿನ್ ಹೇಳಿದ್ದ, “ಸೋಮವಾರ ಸಂಜೆ ಮಸ್ಕತ್ತಿಗೆ ಬರುದಿಲ್ಲ ಅಂತ ಹೇಳ್ತೇನೆ. ಹೇಳಿ ಆದ ಮೇಲೆ ನಿನ್ನ ಹತ್ತಿರ ಒಂದು ಮಾತುಂಟು.”

“ಈಗಲೇ ಹೇಳು.”

“ಕೆಲಸ ಗಟ್ಟಿ ಆಗದೆ ಕೇಳಿದ್ರೆ ನಿನ್ನ ಮಮ್ಮಿ ನನ್ನನ್ನು ಬಂಗುಡೆ ಕೊಯ್ದ ಹಾಗೆ ಕೊಯ್ತಾರೆ.”

ಇದೆಲ್ಲವನ್ನೂ ಅಡುಗೆಮನೆಯ ನೆಲದ ಮೇಲೆ ಕುಳಿತು ಸ್ವೀಡಲ್ ತಾಯಿಗೆ ಹೇಳಿದಳು. ಕೊನೆಯ ಮಾತನ್ನು ಬಿಟ್ಟಳು. ಮೀನು ಕೊಯ್ಯುತ್ತಿದ್ದವರಿಗೆ ಅದನ್ನು ಹೇಳಲು ಧೈರ್ಯ ಬರಲಿಲ್ಲ.

ಪೆಟ್ರೋನಿಲ್ಲಾ ಕೊಯ್ದ ಮೀನನ್ನು ಬದಿಗೆ ಸರಿಸಿದರು. ಅವರ ಗಂಡ ಜೊಕಿಮ್‌ಗೆ ಮುಳ್ಳೇರಿಯ ಪೇಟೆಯಲ್ಲಿ ಗೇರುಬೀಜದ ವ್ಯಾಪಾರ. “ಗೋಣಿಯ ಮೇಲೆ ಒಳ್ಳೆ ಬೀಜ ಹಾಕಿ, ಅಡಿಯಲ್ಲಿ ಹಾಳು ತುಂಬಿಸಿ ತರ್ತಾರಲ್ಲ, ಅವರನ್ನು ಡ್ಯಾಡಿ ಎಂತ ಹೇಳಿ ಕರೀತಾರೆ?”

ಸ್ವೀಡಲ್ ನೆಲದ ಮೇಲಿನ ಮೀನಿನ ಚೂರುಗಳನ್ನು ಹೆಕ್ಕತೊಡಗಿದಳು.

“ನಾನು ಇಷ್ಟು ದಿನ ಇದಕ್ಕಿಂತ ಸಣ್ಣ ಪಾಪಕ್ಕೇ ಹೆದರಿದ್ದೆ,” ಎಂದರು ತಾಯಿ.

“ಹೇಳಿದ್ರೆ ಅವನು ಹೋಗ್ತಾನೆ ಮಮ್ಮಿ.”

“ಹೇಳದಿದ್ರೆ ಇರ್ತಾನೆ. ಜೀವನ ಇಡೀ ಅವನ ಮುಖ ನೋಡಲಿಕ್ಕೆ ನಿನ್ನಿಂದ ಆಗ್ತದಾ?”

“ಮೊದಲು ಕುಮ್ಸಾರ್ ಮಾಡ್ತೇನೆ. ಪಾದ್ರಿಗಳ ಹತ್ತಿರ...”

“ಮೊದಲು ಅವನಿಗೆ ಹೇಳು. ದೇವರಿಗೆ ಆಮೇಲೆ ಹೇಳಿದ್ರೂ ಆಗ್ತದೆ. ದೇವರು ಮಸ್ಕತ್ತಿಗೆ ಹೋಗುದಿಲ್ಲ.”

ಸೋಮವಾರ ಬೆಳಿಗ್ಗೆ ಅವಳು ಬಸ್ಸಿಳಿದು ಶೆಡ್ಡಿಗೆ ಬಂದಾಗ ಯತಿನ್ ಆಗಲೇ ಸ್ಪೈರಲ್ ಓಡಿಸುತ್ತಿದ್ದ. ಇಸ್ತ್ರಿ ಹಾಕಿದ ಅಂಗಿ ತೊಟ್ಟಿದ್ದ. ಮಣ್ಣಿನ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕೆಂದು ಕೇಳುವ ಅಗತ್ಯವಿರಲಿಲ್ಲ, ಅದು ಸಂಜೆಯ ಮಾತಿಗೆ. ಅವಳು ಕೈಯ ಬ್ಯಾಗನ್ನೂ ಕೆಳಗಿಡದೆ ಕೇಳಿದಳು.

“ಮಸ್ಕತ್ತಿಗೆ ಉತ್ತರ ಕೊಟ್ಟೆಯಾ?”

“ಸಂಜೆ ಅಂತ ಹೇಳಿದ್ದೆನಲ್ಲ. ನಿನಗೆಂತ ಅಷ್ಟು ಅರ್ಜೆಂಟು?” ಎಡಗಣ್ಣು ಸಣ್ಣಗಾಯಿತು.

“ಬರುದಿಲ್ಲ ಅಂತ ಹೇಳಬೇಡ. ನಂಬರ್ ಸುಳ್ಳು.”

“ಯಾವ ನಂಬರ್?”

“ಫೆಬ್ರವರಿಯಿಂದ ನಾನು ಕೊಟ್ಟದ್ದೆಲ್ಲ.”

ಅವನು ನಕ್ಕ. “ಟೆಸ್ಟಿನಲ್ಲಿ ಎಲ್ಲೋ ತಪ್ಪಾಗಿರಬೇಕು. ಇನ್ನೊಮ್ಮೆ ಮಾಡು, ಅಷ್ಟಕ್ಕೆ ಯಾಕೆ ಹೀಗೆ ಮುಖ ಮಾಡ್ತಿ?” ಅವಳ ಪರವಾಗಿ ಅವನೇ ನೆವ ಹುಡುಕುತ್ತಿದ್ದ. ಅದನ್ನು ಸಹಿಸುವುದು ಅವಳಿಗೆ ಕಷ್ಟವಾಯಿತು.

ಅವಳು ಡಬ್ಬಿ ತೆಗೆದುಕೊಂಡಳು. ಧಾರೆಯ ಒಳ ಅಂಚಿಗೆ, ಅತಿ ಕರಿಯ ಜಾಗಕ್ಕೆ ಹಿಡಿದು, ಅಲ್ಲೇ ನಿಲ್ಲಿಸಿದಳು. “ಹೀಗೆ,” ಎಂದಳು. “ದಿನಾ ಹೀಗೆ.”

ಡಬ್ಬಿ ತುಂಬಿ ಕರಿಯ ನೀರು ಅವಳ ಬೆರಳಿನ ಮೇಲೆ ಹರಿಯಿತು. ಯತಿನ್ ಆ ಕೈಯನ್ನೇ ನೋಡಿದ. ಅವನಿಗೆ ಹೆಚ್ಚು ವಿವರಿಸಬೇಕಾಗಿರಲಿಲ್ಲ. ನಗು ಮುಖದಿಂದ ಮೆಲ್ಲನೆ ಇಳಿಯಿತು.

“ಯಾಕೆ?”

“ನೀನು ಹೋಗಬಾರದು ಅಂತ.”

ಪ್ರೀತಿಯ ಮಾತನ್ನು ಹೀಗೆ ಹೇಳಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಎಷ್ಟೋ ಸಲ ಮನಸ್ಸಿನಲ್ಲೇ ಚಂದ ಮಾಡಿ ಹೇಳಿಕೊಂಡ ಮಾತು ಅದು. ಗಂಬೂಟು ಹಾಕಿಕೊಂಡು, ಕೈ ಕರಿ ಮಾಡಿಕೊಂಡು, ಸಿಕ್ಕಿಬಿದ್ದ ಕಳ್ಳಿಯ ಹಾಗೆ ಹೇಳಿದ್ದಾಯಿತು.

ಯತಿನ್ ಬೀಳುವ ಧಾರೆಯನ್ನೊಮ್ಮೆ ನೋಡಿದ. ಆಮೇಲೆ ಡಬ್ಬಿ ತೆಗೆದುಕೊಂಡು ತೊಳೆದು ಅವಳ ಕೈಗೇ ಕೊಟ್ಟ. “ಈಗ ಸರಿಯಾಗಿ ಹಿಡಿ. ನನ್ನ ಎದುರು.”

ಅವಳು ಅಂಚಿನಿಂದ ಅಂಚಿಗೆ ದಾಟಿಸಿದಳು. ಈ ಸಲ ಕೈ ನಡುವೆ ಎಲ್ಲೂ ನಿಲ್ಲಲಿಲ್ಲ.

ಸ್ಯಾಂಪಲ್ ಒಣಗುವ ತನಕ ಅವನು ಲ್ಯಾಬಿನ ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದ. ಆ ದಿನ ಚಾ ಇರಲಿಲ್ಲ. ಒಣಗಿದ ಹುಡಿಯನ್ನು ಆಸಿಡ್‌ನಲ್ಲಿ ಕರಗಿಸಿ, ಉಳಿದ ಮದ್ದುಗಳನ್ನು ಸೇರಿಸಿ, ಅವಳು ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ಬಿಡತೊಡಗಿದಾಗ ಹತ್ತಿರ ಬಂದ. ಫ್ಲಾಸ್ಕಿನಲ್ಲಿ ಹಸಿರು ಬಣ್ಣ ನೇರಳೆಗೆ ತಿರುಗಿದಲ್ಲಿಗೆ ನಿಲ್ಲಿಸಬೇಕು. ಕಬ್ಬಿಣ ಹೆಚ್ಚಿದ್ದರೆ ನೇರಳೆ ತಡವಾಗಿ ಬರುತ್ತದೆ. ಇನ್ನೂ ಬರಬೇಡ, ಇನ್ನೂ ಬರಬೇಡ ಎಂದು ಅವಳು ಒಳಗೇ ಬೇಡಿಕೊಂಡಳು. ಪ್ರಾರ್ಥಿಸುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಬೇಡಿಕೊಂಡಳು.

ನೇರಳೆ ಬೇಗನೆ ಬಂತು.

“ಇಷ್ಟೇಯಾ?” ಎಂದ ಯತಿನ್.

“ಇಷ್ಟೇ.”

“ಅಮ್ಮ ಬಿತ್ತಲಿಕ್ಕೆ ಬೀಜ ತಂದಿಟ್ಟಿದ್ದಾರೆ ಸ್ವೀಡಲ್.” ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ನನ್ನನ್ನು ಉಳಿಸಿಕೊಳ್ಳಬೇಕು ಅಂತ ಇದ್ರೆ ಉಳಿ ಅಂತ ಹೇಳಬೇಕಿತ್ತು. ಒಂದು ಮಾತು. ನನ್ನ ಹತ್ತಿರ ಕೇಳದೆ ನನ್ನ ದಾರಿ ನೀನೇ ತಿರುಗಿಸಿದೆ.”

ಅವಳು ಪುಸ್ತಕ ತೆರೆದು ನಿಜವಾದ ನಂಬರನ್ನು ಬರೆದಳು. 

ಹರಿನಾಥ ಸರ್ ಬಳಿಗೆ ಅವಳು ಒಬ್ಬಳೇ ಹೋದಳು. ಅವರು ಬೈಯಲಿಲ್ಲ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಅದಿರು ತುಂಬಾ ನಯ, ಸ್ಪೈರಲಿನಲ್ಲಿ ನಿಲ್ಲದೆ ನೀರಿನ ಒಟ್ಟಿಗೆ ಹೋಗ್ತಾ ಉಂಟು. ಇದು ಫೆಬ್ರವರಿಯಲ್ಲೇ ಗೊತ್ತಾಗಿದ್ರೆ ನಯದ್ದನ್ನು ಹಿಡಿಯುವ ಮೆಷಿನ್ ತರಿಸ್ತಿದ್ದೆ. ಹೆಡ್ ಆಫೀಸಿನವರು ಒಪ್ಪುವ ಹಾಗೆ ಇದ್ರು. ನಂಬರ್ ಚಂದ ಬಂತಲ್ಲ, ನಾನೇ ಬೇಡ ಅಂತ ಹೇಳಿದೆ. ಈಗ ಯಾವ ಮುಖ ಇಟ್ಟುಕೊಂಡು ಕೇಳಲಿ?”

ಸ್ವೀಡಲ್ ಮೇಜಿನ ಅಂಚು ಹಿಡಿದು ನಿಂತಳು. ಸುಳ್ಳು ಹೇಳದಿದ್ದರೆ ಯತಿನ್ ಉಳಿಯುತ್ತಿದ್ದನೇನೋ. ಅವನನ್ನು ಉಳಿಸಿಕೊಳ್ಳಲು ಮಾಡಿದ್ದೇ ಅವನನ್ನು ಕಳಿಸುತ್ತಿತ್ತು. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಪಾದ್ರಿಯೂ ಕೊಡಲಾರರು.

ಅಲ್ಲಿಂದ ನೇರ ಪಂಕಜಾಕ್ಷಿಯವರ ಮನೆಗೆ ಹೋದಳು. ಅವರು ಪೂರ್ತಿ ಕೇಳಿಸಿಕೊಂಡರು. ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದ ಬೀಜದ ಭತ್ತವನ್ನು ನಿಧಾನವಾಗಿ ಗುಡಿಸಿ ಚೀಲಕ್ಕೆ ತುಂಬಿಸಿದರು. “ಊಟ ಆಯ್ತಾ?” ಎಂದಷ್ಟೇ ಕೇಳಿದರು. ಸ್ವೀಡಲ್ ಊಟ ಮಾಡಿಯೇ ಬಂದಳು. ಬಡಿಸಿದ್ದನ್ನು ಬಿಟ್ಟು ಏಳಲು ಮನಸ್ಸು ಬರಲಿಲ್ಲ.

ಕಂಪೆನಿ ಅವಳನ್ನು ಕೆಲಸದಿಂದ ತೆಗೆಯಿತು. ಈಸ್ಟರ್ ಮುಗಿದ ಮೇಲೆ ಶೆಡ್ಡೂ ಬಾಗಿಲು ಹಾಕಿತು. ಯತಿನ್ ಮಸ್ಕತ್ತಿಗೆ ಒಪ್ಪಿದ. ಅಷ್ಟು ದಿನವೂ ಅವಳಿಗೆ ಒಂದು ಫೋನ್ ಮಾಡಲಿಲ್ಲ.

ಹೊರಡುವ ಹಿಂದಿನ ದಿನ ಸಂಜೆ ಮುಳ್ಳೇರಿಯದ ಅವಳ ಮನೆಗೇ ಬಂದ. ಪೆಟ್ರೋನಿಲ್ಲಾ ಚಾ ಕೊಟ್ಟು ಒಳಗೆ ಹೋದರು. ಒಳಗೆ ಹೋದವರು ಒಂದು ಪಾತ್ರೆಯ ಸದ್ದನ್ನೂ ಮಾಡಲಿಲ್ಲ, ಕೇಳಿಸಬೇಕಲ್ಲ.

“ಯತಿನ್, ನನ್ನನ್ನು ಕ್ಷ—”

“ಕೇಳಬೇಡ. ಕೇಳಿದ್ರೆ ಕೊಡಬೇಕಾಗ್ತದೆ. ಈಗ ಕೊಟ್ರೆ ಅದು ಬರೀ ಬಾಯಿಮಾತು.” ಲೋಟವನ್ನು ತಿರುಗಿಸುತ್ತಾ ಕುಳಿತ. “ನಾನು ತುಂಬಾ ಯೋಚನೆ ಮಾಡಿದೆ. ಗೇರುಮರದ ಅಡಿ ಕೂತು ನಗಾಡಿದ್ದೆಲ್ಲ ನೀನು ಕದ್ದು ತಂದ ದಿನಗಳು, ಅಲ್ವಾ?”

“ಹೌದು.”

“ಅದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಅಂತ ಬೇರೆ ಮಾಡಲಿಕ್ಕೆ ಹೋದೆ. ನನ್ನಿಂದ ಆಗಲಿಲ್ಲ ಮಾರಾಯ್ತಿ.” ಅವನ ಕಣ್ಣು ತುಂಬಿತ್ತು. “ಕ್ಷಮಿಸ್ಲಿಕ್ಕೂ ಆಗುದಿಲ್ಲ. ಆ ದಿನಗಳನ್ನು ವಾಪಸ್ ಕೊಡ್ಲಿಕ್ಕೂ ಮನಸ್ಸಾಗುದಿಲ್ಲ.”

ಸ್ವೀಡಲ್ ಅತ್ತಳು. ಅವನು ಅಳಬೇಡ ಎನ್ನಲಿಲ್ಲ. ಅವಳ ಅಳು ನಿಲ್ಲುವ ತನಕ ಆರಿದ ಚಾ ಹಿಡಿದು ಕುಳಿತಿದ್ದ. ಏಳುವಾಗ ಹೇಳಿದ, “ಅಲ್ಲಿಂದ ಫೋನ್ ಮಾಡ್ತೇನೆ. ಯಾವಾಗ ಅಂತ ಗೊತ್ತಿಲ್ಲ. ಮಾಡಿದಾಗ ನನಗೆ ಬೇಜಾರಾಗ್ತದೆ ಅಂತ ಒಂದನ್ನೂ ಚಂದ ಮಾಡಿ ಹೇಳಬಾರದು. ಇದ್ದದ್ದು ಇದ್ದ ಹಾಗೆ.”

ಮೆಟ್ಟಿಲಿಳಿಯುವ ಮೊದಲು ಅವಳ ಬಲಗೈಯನ್ನು ತನ್ನ ಕೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡ, ಬಿಟ್ಟ, ಹೋದ.

ಫೋನ್ ಬಂದದ್ದು ಜೂನಿನಲ್ಲಿ. ಸ್ವೀಡಲ್ ತಂದೆಯ ಅಂಗಡಿಯಲ್ಲಿದ್ದಳು. ಹೊರಗೆ ಮಳೆ ಸುರಿದು ಆಗಷ್ಟೇ ಬಿಟ್ಟಿತ್ತು, ಬಸ್ಸಿಗೆ ಕಾದವರು ಜಗಲಿಯಿಂದ ಇಳಿಯುತ್ತಿದ್ದರು. ಅವಳು ಫೋನ್ ಹಿಡಿದು ಹಿಂದಿನ ಕೋಣೆಗೆ ಓಡಿದಳು.

“ಗದ್ದೆಗೆ ಕೆಂಪು ಬಂತಾ?” ಯತಿನ್ ಮೊದಲು ಕೇಳಿದ್ದು ಅದನ್ನೇ.

ಮಳೆ ಶುರುವಾಗುವ ಮುಂಚೆ ಅವಳು ಕೂಲಿಗೆ ಜನ ಮಾಡಿ ಗುಡ್ಡೆಯ ಬುಡಕ್ಕೆ ಉದ್ದಕ್ಕೂ ಮರಳು ಚೀಲ ಇರಿಸಿದ್ದಳು. ತಾನೂ ಹೊತ್ತಿದ್ದಳು. ಅದನ್ನು ಹೇಳಲಿಲ್ಲ. ಅವನು ಕೇಳಿದ್ದು ಅದಲ್ಲ.

“ಬಂತು. ತೋಡಿನ ಬದಿಯ ಮೂಲೆಗೆ. ಉಳಿದ ಕಡೆ ಇನ್ನೂ ಬಂದಿಲ್ಲ. ಮಳೆ ಹೆಚ್ಚಾದ್ರೆ ಬರಲೂಬಹುದು.”

“ಅಮ್ಮ ನಿನ್ನ ಹತ್ತಿರ ಮಾತಾಡ್ತಾರಾ?”

“ಇಲ್ಲ. ಹೋದ್ರೆ ಊಟ ಹಾಕ್ತಾರೆ. ಮಾತಾಡುದಿಲ್ಲ.”

ಅತ್ತ ಕಡೆ ಯಾವುದೋ ದೊಡ್ಡ ಮೆಷಿನಿನ ಗರಗರ ಸದ್ದು. ಅವನು ಬಾಗಿಲು ಮುಚ್ಚಿಕೊಂಡನೇನೋ, ಸದ್ದು ದೂರವಾಯಿತು.

“ನೀನು ಹೇಗಿದ್ದೀ?”

ಆರಾಮ ಎನ್ನುವ ಮಾತು ತುದಿನಾಲಗೆಗೆ ಬಂದಿತ್ತು. ಯಾರೇ ಕೇಳಲಿ, ಯಾವಾಗಲೇ ಕೇಳಲಿ, ಎಲ್ಲರೂ ಹೇಳುವುದು ಅದನ್ನೇ ಅಲ್ಲವೇ? ಸ್ವೀಡಲ್ ಅದನ್ನು ನುಂಗಿದಳು.

“ಆರಾಮ ಇಲ್ಲ ಯತಿನ್. ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡಿದ್ದು ನೆನಪಾಗ್ತದೆ. ಆಮೇಲೆ ನೀನು ನೆನಪಾಗ್ತಿ. ನೀನು ಹೋದದ್ದು ನನ್ನಿಂದ ಅಂತ ಗೊತ್ತುಂಟು. ವಾಪಸ್ ಬಾ ಅಂತ ಹೇಳುವ ಯೋಗ್ಯತೆ ನನಗಿಲ್ಲ. ಆದ್ರೂ ನೀನು ಬೇಕು ನನಗೆ. ಅಷ್ಟೇ. ಇದರಲ್ಲಿ ಎಂತದೂ ಬಿಟ್ಟಿಲ್ಲ.”

 ಲೈನ್ ಕಡಿಯಿತೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಕಿವಿಗೆ ಒತ್ತಿಕೊಂಡಳು. ಅವನ ಉಸಿರು ಕೇಳಿಸುತ್ತಿತ್ತು.

“ಇದನ್ನು ನಂಬ್ತೇನೆ,” ಎಂದ ಯತಿನ್.